ಹಳಿಯ ಮೇಲೆ ಭಂಡಾರ

ವಿರುಪಾಕ್ಷಪ್ಪನ ಊರಿಗೆ ರೈಲು ಬಂದಿಲ್ಲ. ಅಥಣಿ ಕಡೆಯ ಆ ಊರಿನವರು ರೈಲಿನ ಸಪ್ಪಳ ಕೇಳಬೇಕೆಂದರೆ ಶೇಡಬಾಳಕ್ಕೆ ಹೋಗಬೇಕು, ಇಲ್ಲವೇ ಚುನಾವಣೆ ಬರಬೇಕು. ಚಿಕ್ಕೋಡಿಯವರಿಗೆ ಹೆಸರಾದರೂ ಸಿಕ್ಕಿದೆ. ಊರಿನಿಂದ ಬಹುದೂರ ನಿಂತಿರುವ ಸ್ಟೇಷನ್ನಿಗೆ ‘ಚಿಕ್ಕೋಡಿ ರೋಡ್’ ಎಂದು ಬೋರ್ಡು ಹಾಕಿದ್ದಾರೆ. ಇವರಿಗೆ ಅದೂ ಇಲ್ಲ. ಹೀಗಾಗಿ ಇಲ್ಲೊಂದು ರೈಲ್ವೆ ಮ್ಯೂಸಿಯಂ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ದಿನಾ ರೈಲು ಹತ್ತುವ ಊರಿನವರಿಗೆ ಅದರ ಮೇಲೆ ಇಷ್ಟು ಭಕ್ತಿ ಇರುವುದಿಲ್ಲ.

ಮ್ಯೂಸಿಯಂ ಇದ್ದದ್ದು ವಿರುಪಾಕ್ಷಪ್ಪನ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ, ಹಣ್ಣು ಒಣಗಿಸಲು ಕಟ್ಟಿದ ಜಾಳಿಗೆಯ ಅಟ್ಟಗಳ ಮೇಲೆ. ನಡೆಸುವವರಲ್ಲಿ ಸಂಬಳ ಯಾರಿಗೂ ಇಲ್ಲ, ಅಭಿಪ್ರಾಯ ಎಲ್ಲರಿಗೂ ಇದೆ. ಶೇಡಬಾಳದಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದ ಸನ್ಮತಿ ಹಳೆಯ ರಟ್ಟಿನ ಟಿಕೆಟ್ಟುಗಳನ್ನೂ ಒಂದು ಕೈಕಂದೀಲನ್ನೂ ತಂದಿಟ್ಟಿದ್ದ. ಸ್ಥಳೀಯ ಇತಿಹಾಸದ ಅಟ್ಟ ಅದಕ್ಕಿಂತ ಶ್ರೀಮಂತ: ಸರ್ವೆಗೆ ಬಂದವರು ನೆಟ್ಟ ಕಲ್ಲು, ಮುಂದಿನ ಸರ್ವೆಯವರು ಅದನ್ನು ಕಿತ್ತು ನೆಟ್ಟ ಇನ್ನೊಂದು ಕಲ್ಲು, ಹಳಿಯೇ ಇಲ್ಲದ ಊರಿನಲ್ಲಿ ನಡೆದ ‘ರೈಲು ತಡೆ’ ಚಳವಳಿಯ ಬ್ಯಾನರು. ನಡುವಿನ ಮೇಜಿನ ಮೇಲೆ ಪುಟ್ಟ ರೈಲು. ಪಂಪ್‌ಸೆಟ್ ಮೋಟಾರ್ ರಿಪೇರಿಯ ರಾಜಾರಾಮ ಹಾಸಿದ ಹಳಿಯ ಮೇಲೆ ಅದು ಮಿರಜದಿಂದ ಹೊರಟು, ಶೇಡಬಾಳದಲ್ಲಿ ಮಗ್ಗಲು ಹೊರಳಿ, ಯಾವ ಮಂತ್ರಿಯನ್ನೂ ಕೇಳದೆ ನೆಟ್ಟಗೆ ಇವರ ಊರಿಗೆ ಬರುತ್ತಿತ್ತು.

ತಕರಾರು ಇದ್ದದ್ದು ಹೆಂಡತಿ ಗಿರಿಜವ್ವನದು. ತೋಟದಲ್ಲಿ ದ್ರಾಕ್ಷಿ ಮಾಗಿ ನಿಂತಿತ್ತು.

“ಹಣ್ಣು ಒಳಗ ಬರಬೇಕು, ನಿಮ್ಮ ರೈಲು ಹೊರಗ ಹೋಗಬೇಕು.”

“ಏ ಗಿರಿಜಾ, ಉದ್ಘಾಟನಿ ಇಟ್ಕೊಂಡೀನಿ. ನಿಪ್ಪಾಣಿ ಬೀಗರಿಗೂ ಹೇಳೀನಿ. ಮಾರಿ ಎಲ್ಲಿ ಇಟ್ಕೊಳ್ಲಿ?”

“ಆತು. ಅವತ್ತ ನನ್ನ ಕಣ್ಣಮುಂದ ಅದು ಒಂದ ಫೇರಿ ಪೂರಾ ಹೊಡೀಲಿ. ಹೊಡದ್ರ ಶೆಡ್ ನಿಮ್ಮದು, ಹಣ್ಣು ನಮ್ಮ ತಮ್ಮನ ಶೆಡ್ಡಿಗಿ ಕಳಸ್ತೀನಿ. ಇಲ್ಲಂದ್ರ ಸಂಜೀಕ ಅಟ್ಟ ಖಾಲಿ.”

ಉದ್ಘಾಟನೆಯ ಮುಂಜಾನೆ ರೈಲು ಸುತ್ತಿದ್ದೇ ಸುತ್ತಿದ್ದು. ಆಗ ಗಿರಿಜವ್ವ ಹೋಳಿಗೆಯ ಒಲೆಯ ಮುಂದಿದ್ದಳು.

ಅತಿಥಿ ಸಂಗ್ರಾಮ ಸಾವ್ಕಾರ. ರೈಲ್ವೆ ಹೋರಾಟ ಸಮಿತಿಗೆ ಮೀಸೆ ಕಪ್ಪಗಿದ್ದಾಗಿನಿಂದ ಅವನೇ ಅಧ್ಯಕ್ಷ. ರೈಲೇನಾದರೂ ಬಂದುಬಿಟ್ಟರೆ ಅವನ ಲೆಟರ್‌ಹೆಡ್ಡು ರದ್ದಿ. ಅವನು ತೆಂಗಿನಕಾಯಿ ಒಡೆದ. ವಿರುಪಾಕ್ಷಪ್ಪ ಬುಟ್ಟಿ ತುಂಬ ಅರಿಶಿನದ ಭಂಡಾರ ತರಿಸಿದ.

“ಅಪ್ಪಾರ, ಎಂಜಿನ್ ಹಣಿಗಿ ಒಂದ ಬೊಟ್ಟು ಸಾಕ್ರಿ,” ಎಂದ ಸನ್ಮತಿ.

“ಟ್ರ್ಯಾಕ್ಟರಿಗಿ ಬುಟ್ಟಿ ಹಾರಿಸಿದಾಂವ ನಾ. ರೈಲಿಗಿ ಬೊಟ್ಟಾ? ಮಂದಿ ಏನಂದಾರು?”

ಚಿಂಚಲಿ ಮಾಯಕ್ಕ ದೇವಿಯ ಹೆಸರಿನಲ್ಲಿ ‘ಚಾಂಗಭಲೋ’ ಎಂದು ಜಯಕಾರ ಹಾಕುತ್ತ ವಿರುಪಾಕ್ಷಪ್ಪ ಎರಡೂ ಕೈಯಿಂದ ಹಾರಿಸಿದ. ಮಂದಿಯೂ ಹಾರಿಸಿದರು. ಮಿರಜದ ಪ್ಲಾಸ್ಟಿಕ್ ಸ್ಟೇಷನ್ ಮಾಸ್ತರ ಸೊಂಟದವರೆಗೆ ಹಳದಿಯಲ್ಲಿ ಹೂತುಹೋದ. ಸಾವ್ಕಾರ ಗುಂಡಿ ಒತ್ತಿದ. ರೈಲು ಗೇಣುದ್ದ ಬಂದು ನಿಂತಿತು.

“ಕಾಕಾ, ಕರೆಂಟು ಹಳಿಯಿಂದ ಗಾಲಿಗಿ ಹತ್ತಬೇಕ್ರಿ,” ರಾಜಾರಾಮ ವಿರುಪಾಕ್ಷಪ್ಪನ ಕಿವಿಯಲ್ಲಿ ಉಸುರಿದ. “ನಡುವ ನಿಮ್ಮ ಭಂಡಾರ ಕುಂತೈತಿ.”

ಗಾಡಿ ಯಾಕೆ ನಿಂತಿತೆಂದು ನಿಪ್ಪಾಣಿಯ ಬೀಗತಿ ಮರಾಠಿಯಲ್ಲಿ ಕೇಳಿದಳು.

“ಸಿಗ್ನಲ್ ಬಿದ್ದಿಲ್ರಿ, ಅಕ್ಕಾರ,” ಎಂದ ಸನ್ಮತಿ. ಆ ಉತ್ತರ ಅವನ ಬಾಯಿಂದ ಎಷ್ಟೋ ವರ್ಷ ತಾನಾಗಿಯೇ ಬಂದಿತ್ತು, ಈಗಲೂ ಬಂತು.

ಜನ ಮುಸಿಮುಸಿ ನಗತೊಡಗಿದಾಗ ಸಾವ್ಕಾರ ಮೈಕು ಹಿಡಿದ. “ಈ ರೈಲು ಕೆಟ್ಟು ನಿಂತಿಲ್ಲ ಬಂಧುಗಳೇ, ಧರಣಿ ಕುಂತೈತಿ! ಖರೇ ರೈಲು ನಮ್ಮೂರಿಗಿ ಬರೂತನಾ ಇದು ಒಂದ ಹೆಜ್ಜಿ ಮುಂದಿಡಂಗಿಲ್ಲ. ಓಡಿಸಿದಾಂವ ಊರಿಗಿ ದ್ರೋಹಿ!”

ಚಪ್ಪಾಳೆಯೋ ಚಪ್ಪಾಳೆ. ಮಾನ ಉಳಿಯಿತೆಂದು ವಿರುಪಾಕ್ಷಪ್ಪ ಎಲ್ಲರಿಗಿಂತ ಜೋರಾಗಿ ಹೊಡೆದ. ಹೊಡೆದ ಮೇಲೆ ನೋಡಿದರೆ ಗಿರಿಜವ್ವನ ಕೈ ಸೆರಗಿನೊಳಗೇ ಇತ್ತು.

ಹೋಳಿಗೆ ಉಂಡು ಜನ ಹೋದ ಮೇಲೆ ಅವಳು ಒಳಗೆ ಬಂದಳು. “ನಿಂತ ರೈಲಿಗಿ ಇಡೀ ಶೆಡ್ ಯಾಕ ಬೇಕ್ರಿ? ದೇವರ ಗೂಡಿನಾಗ ಇಡ್ರಿ.”

“ಇನ್ನೂ ಸಂಜಿ ಆಗಿಲ್ಲ. ಆದ್ರ ಸಾವ್ಕಾರ್ರು ಎಲ್ಲಾರ ಮುಂದ ಹೇಳಿ ಹೋಗ್ಯಾರ. ಓಡಿಸಿದ್ರ ದ್ರೋಹಿ ಅಂತಾರ.”

“ಅದನ್ನ ಚಪ್ಪಾಳಿ ಹೊಡಿಯೂ ಮುಂದ ವಿಚಾರ ಮಾಡಬೇಕಿತ್ತು.”

ವಿರುಪಾಕ್ಷಪ್ಪ ಊರನ್ನೂ ಶೆಡ್ಡನ್ನೂ ಮನಸ್ಸಿನಲ್ಲೇ ತೂಗಿ ನೋಡಿದ. ಊರು ಹಗುರಾಯಿತು. ಬಾಗಿಲಿಗೆ ಅಗಳಿ ಹಾಕಿಸಿ, ಸನ್ಮತಿಯನ್ನು ಹೊರಗೆ ಕಾವಲಿಗಿಟ್ಟು, ರಾಜಾರಾಮ ಕೊಟ್ಟ ಥಿನ್ನರಿನ ಅರಿವೆಯಿಂದ ಹಳಿ ಒರೆಸುತ್ತ ಮೇಜಿನ ಸುತ್ತ ಮೊಣಕಾಲ ಮೇಲೆ ಸಾಗಿದ. ಎರಚುವಾಗ ಇದ್ದ ಉತ್ಸಾಹ ಒರೆಸುವಾಗ ಇರಲಿಲ್ಲ.

ರೈಲು ಮಿರಜ ಬಿಟ್ಟಿತು. ಶೇಡಬಾಳದ ತಿರುವಿನಲ್ಲಿ ಉಳಿದಿದ್ದ ಚಿಟಿಕೆ ಹಳದಿಗೆ ಮುಗ್ಗರಿಸಿ ನಿಂತಿತು. ಅವನ ಬೆರಳು ತಾನಾಗಿ ಮುಂದೆ ಹೋಯಿತು.

“ಕೈ ಹಚ್ಚಬಾರದು,” ಎಂದಳು ಗಿರಿಜವ್ವ.

ಅವನು ಬೆರಳು ಹಿಂದೆಗೆದುಕೊಂಡು, ಬಗ್ಗಿ, ಹಳಿಯ ಮೇಲೆ ಉಫ್ ಎಂದು ಊದಿದ. ಹಳದಿ ಹಾರಿ ಅವನ ಮೀಸೆಗೆ ಕೂತಿತು. ಎಂಜಿನ್ನು ಒಮ್ಮೆ ನಡುಗಿ ಗಾಲಿ ತಿರುಗಿಸಿತು. ಊರಿನ ಹೆಸರು ಬರೆದ ಪುಟ್ಟ ಬೋರ್ಡು ದಾಟಿ ಸುತ್ತು ಮುಗಿಸಿ ಮಿರಜಕ್ಕೆ ಬಂದು ನಿಂತಿತು.

“ಬಂತಲ್ಲ. ಶೆಡ್ ನಿಮ್ಮದು,” ಎಂದಳು ಗಿರಿಜವ್ವ. ಅಟ್ಟದ ಮೂಲೆಯಲ್ಲಿದ್ದ ಹೋದ ವರ್ಷದ ಒಣದ್ರಾಕ್ಷಿಯಲ್ಲಿ ಒಂದು ಹಿಡಿ ತಂದು ರೈಲಿನ ಕೊನೆಯ ಡಬ್ಬಿಗೆ ಸುರಿದಳು. “ಇನ್ನೊಂದ ಫೇರಿ ಬಿಡ್ರಿ. ಖಾಲಿ ಯಾಕ ತಿರಗಬೇಕು?”

ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಮ್ಯೂಸಿಯಂ ನೋಡಲೆಂದೇ ಶಿರಗುಪ್ಪಿಯಿಂದ ಗಂಡ ಹೆಂಡತಿ ಬಂದಿದ್ದರು. ಊಟದ ಕರೆ ಇಲ್ಲದೆಯೂ ಬಂದ ಮೊದಲ ಪ್ರೇಕ್ಷಕರು.

“ಒಳಗ ಏನೋ ಗಡಗಡ ಅನ್ನಾಕತ್ತೈತಲ್ರಿ?”

“ಧರಣಿ ನಡದೈತ್ರಿ,” ಎಂದ ಸನ್ಮತಿ, ಬಾಗಿಲಿಗೆ ಬೆನ್ನು ಕೊಟ್ಟು. “ಸದ್ಯ ಯಾರನ್ನೂ ಬಿಡಂಗಿಲ್ಲ.”