ಹೊಟ್ಟೆಗೊಂದು ಬೀಳ್ಕೊಡುಗೆ

ಕುಡಿಯದೆ ಲಿವರ್ ಕೆಟ್ಟಿತೆಂದರೆ ತಲ್ಲೂರಿನಲ್ಲಿ ಯಾರು ನಂಬುತ್ತಾರೆ? ಕುಸುಮಾವತಿಯ ಗಂಡ ಭೋಜರಾಜ ಹೆದ್ದಾರಿ ಬದಿಯಲ್ಲಿ ಹೋಟೆಲ್ ಇಟ್ಟವನು. ಹನಿ ಸಾರಾಯಿ ಮುಟ್ಟಿದವನಲ್ಲ, ಆದರೆ ತೂಕ ನೂರಮೂವತ್ತು ಕಿಲೋ. ಕೊಬ್ಬೇ ಅವನ ಲಿವರನ್ನು ತಿಂದು ಮುಗಿಸಿತ್ತು. ಬೇರೆ ಲಿವರ್ ಕಸಿ ಮಾಡದಿದ್ದರೆ ಉಳಿಗಾಲವಿಲ್ಲ, ಈ ಮೈಗೆ ಕಸಿ ಮಾಡುವಂತೆಯೂ ಇಲ್ಲ ಎಂದರು ಡಾಕ್ಟರು. ಮೊದಲು ಆಪರೇಷನ್ ಮಾಡಿ ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡಬೇಕು, ತೂಕ ಇಳಿದ ಮೇಲೆ ಲಿವರ್. ಅದಕ್ಕೂ ಮುಂಚೆ ಎರಡು ವಾರ ಬರೀ ಗಂಜಿಯ ತೆಳಿ, ಸೂಪು. ಊದಿದ ಲಿವರ್ ಅಷ್ಟಾದರೂ ಕುಗ್ಗಬೇಕಲ್ಲ.

ಆ ಎರಡು ವಾರದಲ್ಲೇ ನೆಂಟರ ಪ್ರೀತಿ ಉಕ್ಕಿತು. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಇವನ ಹೊಟ್ಟೆಗೆ ಬೀಳ್ಕೊಡುಗೆ! ಶುರುಮಾಡಿದ್ದು ವಂಡ್ಸೆಯಲ್ಲಿದ್ದ ಅಕ್ಕ ಸರಸ. "ಇನ್ ಈ ಜನ್ಮದಾಗೆ ಹೊಟ್ಟಿ ತುಂಬ ಉಂಬುಕಾತ್ತಿಲ್ಲ ಅಂಬ್ರ್. ಒಂದ್ ಸಲ ಉಂಡ್ಕಂಡ್ ಹೋಯ್ಲಿ." ಅಕ್ಕ ಬಡಿಸಿದ್ದನ್ನು ಬೇಡ ಎನ್ನುವ ಗಂಡಸು ಆ ಮನೆತನದಲ್ಲಿ ಹುಟ್ಟಿರಲಿಲ್ಲ. ಆಮೇಲೆ ಚಿಕ್ಕಮ್ಮ, ಸೋದರಮಾವ, ಹೀಗೆ ದಿನಕ್ಕೊಂದು ಮನೆ. ಕುಸುಮಾವತಿ ಜೊತೆಗೆ ಹೋಗಿ ತುಟಿ ಕಚ್ಚಿಕೊಂಡು ಕೂತಳು. ಗಂಡನ ಕಡೆಯವರೆದುರು ಬಾಯಿ ಬಿಟ್ಟರೆ ಗಯ್ಯಾಳಿ ಎನ್ನುತ್ತಾರೆ.

ಫಲವೇನು? ಆಪರೇಷನ್ ಟೇಬಲ್ಲಿನ ಮೇಲೆ ಹೊಟ್ಟೆಗೆ ತೂತು ಕೊರೆದು ನೋಡಿದ ಡಾಕ್ಟರು, ಲಿವರ್ ಅಡ್ಡ ಬಂದು ಚೀಲವೇ ಕಾಣುವುದಿಲ್ಲವೆಂದು ಹೊಲಿಗೆ ಹಾಕಿ ವಾಪಸು ಕಳಿಸಿದರು. "ಇನ್ನೊಂದೇ ಸಲ ನೋಡುತ್ತೇನೆ. ಆಮೇಲೆ ಅವರ ಮೈ ತಡೆಯುವುದಿಲ್ಲ" ಎಂದರು.

ಎರಡನೆಯ ಆಪರೇಷನ್ನಿನ ತಾರೀಕು ಹತ್ತಿರ ಬಂದಾಗ ಸರಸ ಮತ್ತೆ ಆಟೋ ಇಳಿದಳು, ಕೈಯಲ್ಲಿ ಕೋಳಿಸಾರಿನ ಟಿಫಿನ್. ಕುಸುಮಾವತಿ ಬಾಗಿಲಿಗೆ ಅಡ್ಡ ನಿಂತಳು. ಸಿಟ್ಟು ಬಂದಿತ್ತು, ಅತ್ತಿಗೆಯ ಮೇಲಿಗಿಂತ ಹೆಚ್ಚಾಗಿ ಹಿಂದಿನ ಸಲ ಸುಮ್ಮನೆ ಕೂತಿದ್ದ ತನ್ನ ಮೇಲೆ.

"ಒಳ್ಗ್ ಬನ್ನಿ ಅತ್ಗೆ. ಅದ್ ಮಾತ್ರ ಹೊರ್ಗೇ ಇರ್ಲಿ."

"ಎಂತಕ್ಕೆ? ನಾ ತಮ್ಮಂಗೆ ವಿಷ ತಂದಿದ್ನಾ?"

"ಈಗ ಅವ್ರಿಗೆ ಅದ್ ವಿಷವೇ."

ಸರಸ ಜಗಲಿಯಲ್ಲಿ ಕುಸಿದು ಕೂತು ಅತ್ತೇಬಿಟ್ಟಳು. ತಾಯಿ ಸತ್ತ ಮೇಲೆ ತಮ್ಮನಿಗೆ ಉಣಿಸಿ ಬೆಳೆಸಿದವಳು ಅವಳು. ಪ್ರೀತಿ ತೋರಿಸುವ ಬೇರೆ ದಾರಿ ಗೊತ್ತಿರಲಿಲ್ಲ.

"ಹಾಂಗಾರೆ ನಾ ಅವ್ನಿಗೆ ಇನ್ನೆಂತ ಕೊಡುದ್ ಮಾರಾಯ್ತಿ?"

ಕುಸುಮಾವತಿ ಹೆದರಿಕೊಂಡೇ ಕೇಳಿದಳು. "ಲಿವರ್ ಕೊಡುಕಾತ್ತಾ? ಒಂದ್ ತುಂಡ್ ಸಾಕಂಬ್ರ್. ನಿಮ್ದೂ ಅವ್ರ್ದೂ ರಕ್ತ ಒಂದೇ ಗುಂಪು. ನಂದ್ ಹೊಂದುದಿಲ್ಲ."

ಸರಸ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಕೊಬ್ಬ್ ಇದ್ದ್ ಲಿವರ್ ಆತ್ತಾ?"

"ಇಲ್ಲ. ಕೊಡುವರೂ ತೂಕ ಇಳ್ಸ್ಕ್ ಅಂಬ್ರ್."

ಸರಸ ಬಗ್ಗಿ ತನ್ನ ಸೊಂಟವನ್ನೊಮ್ಮೆ ನೋಡಿಕೊಂಡಳು. ಒಳಗಿನಿಂದ ಭೋಜರಾಜ "ಅಕ್ಕ ಬಂತಾ?" ಎಂದು ಕೂಗಿದ. ಅವಳು ಟಿಫಿನನ್ನು ಕುಸುಮಾವತಿಯ ಕಡೆ ತಳ್ಳಿ ಎದ್ದಳು.

"ಇದನ್ನ್ ಯಾರಿಗಾರೂ ಕೊಡ್. ಅವ್ನಿಗ್ ಮಾಡಿದ್ ತೆಳಿಯಲ್ಲೇ ನಂಗೂ ಒಂದ್ ಲೋಟ ಹಾಕ್."