ವಾಸ್ಕೋದಲ್ಲಿ ಒಂದು ಹಗಲು

ಧಾರವಾಡದಿಂದ ಗೋವಾಕ್ಕೆ ರಸ್ತೆಯ ಮೇಲೆ ಹೊರಟರೆ ಬೆಳಗಿನ ಚಹಾ ಇಲ್ಲಿ ಕುಡಿದು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಬಾಳಕೃಷ್ಣ ಮತ್ತು ಇಂದು ದಂಪತಿ ಮಾತ್ರ ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿ ವಿಹಾರದ ಹಡಗು ಹತ್ತಿ, ಸಮುದ್ರದ ಮೇಲಿಂದ ವಾಪಸು ಬಂದು ಗೋವಾ ತಲುಪುವವರಿದ್ದರು. ಮಾಳಮಡ್ಡಿಯ ಅವರ ಓಣಿಯಲ್ಲಿ ಇದನ್ನು ಕೇಳಿದವರೆಲ್ಲ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ "ಛಲೋ ಆತು ಬಿಡ್ರಿ" ಎನ್ನುತ್ತಿದ್ದರು. ಆ ಒಂದು ಗಳಿಗೆಯಲ್ಲಿ ಅವರ ತಲೆಯಲ್ಲಿ ಭೂಪಟ ಬಿಚ್ಚಿಕೊಳ್ಳುತ್ತಿತ್ತೆಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಟಿಕೇಟು ತೆಗೆಸಿದವಳು ಮಗಳು ಮೈತ್ರೇಯಿ; ಹೋದ ವರ್ಷ ಅವಳೂ ಇದೇ ಹಡಗಿನಲ್ಲಿ ಹೋಗಿಬಂದಿದ್ದಳು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮನೆ, ಅಲ್ಲಿಯೇ ಒಂದು ಕಾಲೇಜಿನಲ್ಲಿ ನೌಕರಿ. ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ, ಅವ್ವ ವಿಶ್ವವಿದ್ಯಾಲಯದ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದರು. ಮನೆಯ ಮುಂಬಾಗಿಲು ಮಾತ್ರ ಇನ್ನೂ ಸೇವೆಯಲ್ಲಿತ್ತು. ಬೆಳಗ್ಗೆ ತೆರೆದರೆ ಮಲಗುವ ತನಕ ಮುಚ್ಚುವಂತಿರಲಿಲ್ಲ. ಪಂಚಾಂಗ ಕೇಳಲು ಬಂದವರು ಉಪ್ಪಿಟ್ಟು ತಿಂದು, ಉಪ್ಪಿಟ್ಟು ತಿನ್ನಲು ಬಂದವರು ಊಟ ಮಾಡಿಕೊಂಡು ಹೋಗುತ್ತಿದ್ದರು.

ಟಿಕೇಟು ಕೈಗೆ ಬಂದ ಸಂಜೆ ಇಂದು ಗಂಡನ ಎದುರು ಕುರ್ಚಿ ಎಳೆದುಕೊಂಡು ಕುಳಿತರು.

"ಹಡಗ ಗೋವಾದ ವಾಸ್ಕೋದಾಗ ಒಂದು ಹಗಲು ನಿಲ್ತದಂತ. ಮುಂಜಾನೆ ಇಳದ್ರ ಸಂಜೀಕ ತಿರುಗಿ ಹತ್ತಬೇಕು. ಆ ಹಗಲು ನನಗ ಬೇಕ್ರಿ."

"ಬೇಕಂದ್ರ?"

"ಬೇಕಂದ್ರ ಬೇಕು. ಅವತ್ತೊಂದಿನ ನನಗ ಯಾರೂ ಮಾಮಿ, ಕಾಕು, ವೈನಿ ಅನಬಾರದು. ಗುರ್ತಿಂದು ಒಂದು ಮಾರಿ ಕಾಣಬಾರದು. ನೀವೊಬ್ಬರು ಇದ್ರ ಅಡ್ಡಿ ಇಲ್ಲ."

ಕೊನೆಯ ವಾಕ್ಯವನ್ನು ಬಾಳಕೃಷ್ಣ ಪ್ರೀತಿಯ ಮಾತೆಂದು ತಿಳಿದರು. ಅದು ಹಾಗೆಯೇ ಇತ್ತು ಕೂಡ.

ಇಬ್ಬರೂ ಸೇರಿ ಆ ಹಗಲನ್ನು ಯೋಜಿಸಿದರು. ಬಂದರಿನಿಂದ ಒಂದು ರಿಕ್ಷಾ ಮಾಡಿಕೊಂಡು ಸಮೀಪದ ಯಾವುದಾದರೂ ದಂಡೆಗೆ ಹೋಗುವುದು, ಅಲ್ಲಿ ಬೇರೆಯವರು ಮಾಡಿದ್ದನ್ನು ಕುಳಿತು ಉಣ್ಣುವುದು, ಆಮೇಲೆ ಏನೂ ಮಾಡದೆ ಇರುವುದು. ಏನೂ ಮಾಡದೆ ಇರುವುದಕ್ಕೆ ಇಂದು ಹೆಚ್ಚು ವೇಳೆ ಇಟ್ಟಿದ್ದರು.

ಕೆಟ್ಟದ್ದು ಎಲ್ಲಿ ಎಂದರೆ, ಬಾಳಕೃಷ್ಣ ಮರುದಿನ ಅಕ್ಕನಿಗೆ ಫೋನು ಮಾಡಿ, "ಅಕ್ಕಾ, ವಾಸ್ಕೋದಾಗ ನೋಡೂವಂಥಾದ್ದು ಏನದ?" ಎಂದು ಕೇಳಿದರು. ಧಾರವಾಡದಲ್ಲಿ ಸಲಹೆ ಕೇಳಿದರೆ ಆಮಂತ್ರಣ ಕೊಟ್ಟಂತೆ. ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಯಾವ ವಿಷಯವನ್ನೂ ಅಕ್ಕನಿಗೆ ಹೇಳದೆ ಇದ್ದು ಅವರಿಗೆ ರೂಢಿಯಿರಲಿಲ್ಲ.

ಅಕ್ಕ ಅಂಬಾಬಾಯಿ ಕೆಲಗೇರಿಯಲ್ಲಿ ಮಗ ಅತುಲನ ಜೊತೆ ಇರುವವರು. ಫೋನಿನಲ್ಲಿ ಉತ್ತರ ಹೇಳದೆ, ಮಾರನೆಯ ದಿನ ಮಗನ ಕಾರಿನಲ್ಲಿ ತಾವೇ ಬಂದರು.

"ಬಾಳ್ಯಾ, ಗೋವಾದ ತನಕಾ ಹೋಗಿ ಕುಲದೇವಿಗೆ ಉಡಿ ತುಂಬಲಾರದ ಬರಾಂವೇನು ನೀ?" ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಹಂಗಲ್ಲಕ್ಕಾ. ಹಡಗದ್ದು ವ್ಯಾಳ್ಯಾ ಭಾಳ ಕಡಿಮಿ."

"ಅದಕ್ಕಂತನ ನಾವು ಬರೂದು."

ಅತುಲ ಯಾವ ಊರಿಗೆ ಹೋಗುವುದಿದ್ದರೂ ಹನ್ನೆರಡು ಸೀಟಿನ ಗಾಡಿಯಲ್ಲಿಯೇ ವಿಚಾರ ಮಾಡುವ ಮನುಷ್ಯ. "ಟೆಂಪೋ ಟ್ರಾವೆಲರ್‌ದಾವಗ ಹೇಳಿಬಿಟ್ಟೇನಿ ಮಾಮಾ," ಎಂದ. "ನಾವು ಹಿಂದಿನ ದಿನಾನ ಬಂದು ವಸ್ತಿ ಮಾಡ್ತೇವಿ. ನೀವು ಹಡಗದಿಂದ ಇಳಿಯೂದಕ್ಕ ಗೇಟಿನಾಗ ಹಿಡೀತೇವಿ."

ಹಿಡಿಯುವ ಮಾತು ಅವನ ಬಾಯಲ್ಲಿ ಸಹಜವಾಗಿಯೇ ಬಂತು. ಮೊದಲು ದೇವಿಯ ದರ್ಶನ, ಉಡಿ. ಅಲ್ಲಿಂದ ಫೋಂಡಾದಲ್ಲಿ ಅವನ ಹೆಂಡತಿಯ ಸೋದರತ್ತೆಯ ಮನೆ, ಏಕೆಂದರೆ ಬಾಗಿಲ ಮುಂದಿನಿಂದ ಹಾದು ಹೋಗಿ ಒಳಗೆ ಕಾಲಿಡದಿದ್ದರೆ ಮುಂದಿನ ಮದುವೆಯಲ್ಲಿ ಮಾತು ಬರುತ್ತದೆ. ಆಮೇಲೆ ಒಂದು ಗಿಡದ ನೆರಳು ನೋಡಿ ಎಲ್ಲರೂ ಕೂಡಿ ಊಟ. ಸಮುದ್ರವನ್ನು ಹಾದಿಯಲ್ಲಿ ಗಾಡಿಯ ಕಿಡಕಿಯಿಂದ ನೋಡಬಹುದು.

"ಛಲೋ ಆತಲ್ಲ," ಎಂದರು ಬಾಳಕೃಷ್ಣ.

ಅವರು ಹಾಗಲ್ಲದೆ ಬೇರೆ ಏನನ್ನೂ ಅನ್ನುವವರಲ್ಲ. ಹೆಡ್‌ಮಾಸ್ತರರಾಗಿದ್ದಾಗ ರಜೆ ಕೇಳಿದ ಯಾವ ಮಾಸ್ತರಿಗೂ ಅವರು ಇಲ್ಲವೆಂದದ್ದಿಲ್ಲ. ಒಂದು ದಿನ ಇಡೀ ಶಾಲೆಯ ಮಾಸ್ತರರೆಲ್ಲ ಅವರ ಒಪ್ಪಿಗೆಯ ಮೇಲೆಯೇ ರಜೆ ಹೋಗಿ, ಇವರೇ ಗಂಟೆ ಹೊಡೆದು, ಇವರೇ ಪ್ರಾರ್ಥನೆ ಹೇಳಿಸಿ, ಎಲ್ಲ ವರ್ಗಗಳನ್ನೂ ಮೈದಾನದಲ್ಲಿ ಕೂಡಿಸಿ ಒಂದೇ ಪಾಠ ಮಾಡಿದ್ದರು.

ಇಂದು ಚಹಾದ ತಾಟು ತಂದಿಟ್ಟರು. "ಊಟಕ್ಕ ಎಷ್ಟು ಮಂದಿ ಆಗ್ತೀರಿ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ನಲವತ್ತು ವರ್ಷದಿಂದ ಬಾಯಿಗೆ ಬಂದ ಪ್ರಶ್ನೆ, ತಾನಾಗಿ ಬಂತು.

"ಅದರದು ಚಿಂತಿ ಮಾಡಬ್ಯಾಡ," ಎಂದರು ಅಂಬಾಬಾಯಿ. "ನೀ ಮುಂಬೈಗೆ ಹೋಗೂಕಿಂತ ಮೊದಲ ದಶಮಿ ಮಾಡಿಟ್ಟುಬಿಡು. ಹಾಲಿನಾಗ ಕಲಸಿದ ರೊಟ್ಟಿ, ನಾಕ ದಿನಾ ಇದ್ರೂ ಏನೂ ಆಗೂದಿಲ್ಲ. ಶೇಂಗಾ ಚಟ್ನಿನೂ ಕುಟ್ಟಿಡು. ನಾವು ಗಾಡ್ಯಾಗ ತರ್ತೇವಿ. ನಿನಗ ಹೊರೂ ತ್ರಾಸ ಇಲ್ಲ."

ಅಂದರೆ ಇಂದುವೇ ಧಾರವಾಡದಲ್ಲಿ ಅಡುಗೆ ಮಾಡಿ, ಮುಂಬಯಿಗೆ ಹೋಗಿ, ಹಡಗು ಹತ್ತಿ, ಗೋವಾದಲ್ಲಿ ಇಳಿದು, ಅದೇ ಅಡುಗೆಯನ್ನು ಬಡಿಸುವುದೆಂದು ಠರಾವಾಯಿತು. ತ್ರಾಸ ಇಲ್ಲದಂತೆ ಮಾಡಿಕೊಟ್ಟ ಅಕ್ಕನಿಗೆ ಬಾಳಕೃಷ್ಣ ಎರಡನೆಯ ಸಲ ಛಲೋ ಆತು ಎಂದರು. ಆದರೆ ಈ ಸಲ ಹೆಂಡತಿಯ ಕಡೆ ನೋಡದೆ ಎಂದರು.

ರವಿವಾರ ಬಂದ ಮೈತ್ರೇಯಿ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದಳು.

"ಅಪ್ಪಗ ಹೇಳಬಾರದೇನವ್ವಾ?"

"ಹೇಳೇನಿ. ಅವರಿಗೆ ಗೊತ್ತದ. ಗೊತ್ತಿರೂದು ಬ್ಯಾರೆ, ಅಕ್ಕನ ಮುಂದ ಬಾಯಿಂದ ಬರೂದು ಬ್ಯಾರೆ."

"ನಾ ಹೇಳ್ಲೇನು ಅತ್ಯಾಗ?"

"ಬ್ಯಾಡ. ನೀ ಹೇಳಿದ್ರ ಅವರು ನಿನ್ನನೂ ಟೆಂಪೋದಾಗ ಕೂಡಿಸ್ಕೊಂಡು ಬರ್ತಾರ." ಇಂದು ಒಲೆಯ ಉರಿ ಸಣ್ಣ ಮಾಡಿದರು. "ಅಲ್ಲಾ, ಹಡಗ ನಿಂತಾಗ ಎಲ್ಲಾರೂ ಇಳೀಲಿಕ್ಕೇ ಬೇಕೇನು?"

"ಹಂಗೇನಿಲ್ಲ. ಆದ್ರ ಎಲ್ಲಾರೂ ಇಳೀತಾರ. ಹೋದವರ್ಷ ನನಗ ಜ್ವರಾ ಬಂದು ನಾ ಒಬ್ಬಾಕಿ ಮ್ಯಾಲೆ ಉಳದಿದ್ದೆ. ಈಸೂ ಹೊಂಡದ ದಂಡಿಗೆ ಬರೇ ಒಂದು ಕಾಗಿ ಕೂತಿತ್ತು."

ಇಂದು ಆ ಕಾಗೆಯ ಬಗ್ಗೆ ಸ್ವಲ್ಪ ಹೊತ್ತು ವಿಚಾರ ಮಾಡಿದರು.

ಹೊರಡುವ ಹಿಂದಿನ ಸಂಜೆ ಗಂಡ ಹೆಂಡತಿ ಕೆಲಗೇರಿ ಕೆರೆಯ ದಂಡೆಗೆ ತಿರುಗಾಡಲು ಹೋದರು. ದಶಮಿ, ಚಟ್ನಿಗಳ ಡಬ್ಬಿಯನ್ನು ಅಂಬಾಬಾಯಿಯ ಮನೆಗೆ ಮುಟ್ಟಿಸಿ ಆಗಿತ್ತು. ಕೆರೆಯ ನೀರನ್ನು ನೋಡುತ್ತ ಇಂದು ಹೇಳಿದರು.

"ಗೋವಾದಾಗ ನಾ ಇಳಿಯೂದಿಲ್ರಿ."

ಬಾಳಕೃಷ್ಣ ನಿಂತರು. "ಯಾಕ?"

"ನನಗ ಬೇಕಾಗಿದ್ದು ಹಡಗದ ಮ್ಯಾಲೆನ ಸಿಗ್ತದ. ಎಲ್ಲಾರೂ ಇಳದು ಹೋಗ್ತಾರ. ನೀವು ಹೋಗ್ರಿ, ದರ್ಶನಾ ಮಾಡ್ರಿ, ಉಂಡು ಬರ್ರಿ."

"ಸಿಟ್ಟು ಬಂದದೇನು?"

"ಇಲ್ಲ."

ಅದು ಖರೆಯೇ ಇತ್ತು, ತೊಂದರೆ ಇದ್ದದ್ದೂ ಅಲ್ಲಿಯೇ. ಇಂದು ಸಿಟ್ಟಾಗಿದ್ದರೆ ಬಾಳಕೃಷ್ಣರಿಗೆ ಗೊತ್ತಿದ್ದ ದಾರಿ ಒಂದಿತ್ತು: ಸಿಟ್ಟು ಇಳಿಯುವ ತನಕ ಪೇಪರು ಓದುವುದು. ಸಿಟ್ಟಿಲ್ಲದ ಹೆಂಡತಿಗೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಆ ಹಗಲಿನಲ್ಲಿ ಅವರಿಗೆಂದು ಬಿಟ್ಟಿದ್ದ ಒಂದೇ ಒಂದು ಜಾಗವನ್ನೂ ಇಂದು ಸದ್ದಿಲ್ಲದೆ ವಾಪಸು ತೆಗೆದುಕೊಂಡಿದ್ದರು.

"ಅಕ್ಕಗ ನಾ ಏನು ಹೇಳ್ಲಿ?"

"ನಿಮಗ ಏನು ಸರಿ ಕಾಣ್ತದೋ ಅದನ್ನ ಹೇಳ್ರಿ," ಎಂದು ಇಂದು ಮುಂದೆ ನಡೆದರು.

ಹಡಗು ವಾಸ್ಕೋ ಮುಟ್ಟಿದ ಬೆಳಗ್ಗೆ ಮೈತ್ರೇಯಿ ಹೇಳಿದ ಹಾಗೆಯೇ ಆಯಿತು. ತಿಂಡಿಯ ತಾಟುಗಳನ್ನು ಅರ್ಧಕ್ಕೆ ಬಿಟ್ಟು ಜನ ಟೊಪ್ಪಿಗೆ, ಬಣ್ಣದ ಕನ್ನಡಕ ಹಾಕಿಕೊಂಡು ಇಳಿಯತೊಡಗಿದರು. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಹಾಕಿದ್ದ ಆರಾಮ ಕುರ್ಚಿಗಳಲ್ಲಿ ಇಂದು ಕೊನೆಯದನ್ನು ಆರಿಸಿಕೊಂಡು ಕಾಲು ಚಾಚಿದರು. ಬಾಳಕೃಷ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಬರ್ತೇನಿ ಹಂಗಾರ," ಎಂದರು.

"ಹ್ಞೂಂ," ಎಂದರು ಇಂದು, ಕಣ್ಣು ಮುಚ್ಚಿಕೊಂಡೇ.

ಬಂದರಿನ ಗೇಟಿನವರೆಗಿನ ದಾರಿಯಲ್ಲಿ ಬಾಳಕೃಷ್ಣ ನೆವಗಳನ್ನು ಒಂದೊಂದಾಗಿ ತೂಗಿ ನೋಡಿದರು. ಇಂದುವಿಗೆ ಆರಾಮಿಲ್ಲ ಎನ್ನುವಂತಿರಲಿಲ್ಲ. ಅವರ ಮನೆತನದಲ್ಲಿ ಆರಾಮಿದ್ದವರಿಗಿಂತ ಆರಾಮಿಲ್ಲದವರನ್ನು ನೋಡಲು ಹೆಚ್ಚು ಜನ ಬರುತ್ತಾರೆ. ಅಂಬಾಬಾಯಿ ಶುಂಠಿ ಕಷಾಯ ಹಿಡಿದುಕೊಂಡು ಹಡಗಿನ ಕಪ್ತಾನನ ತನಕ ಹೋಗಿ ಒಳಗೆ ಬಿಡು ಎಂದು ಜಗಳ ತೆಗೆದಾರು. ಹಡಗಿನವರು ಬಿಡಲಿಲ್ಲ ಎಂದರೆ ಅತುಲ ಕಾನೂನು ಕೇಳುತ್ತಾನೆ. ನಿದ್ದೆ ಹತ್ತಿತ್ತು ಎಂದರೆ, ಎಬ್ಬಿಸು, ಕಾಯ್ತೇವಿ ಎನ್ನುತ್ತಾರೆ. ಗೇಟು ಬಂದರೂ ಒಂದು ಸುಳ್ಳೂ ನಿಲ್ಲಲಿಲ್ಲ.

ಟೆಂಪೋ ಹೇಳಿದ ಜಾಗದಲ್ಲಿಯೇ ನಿಂತಿತ್ತು. ಮುಂದಿನ ಸೀಟಿನಲ್ಲಿ ಅಂಬಾಬಾಯಿ, ತೊಡೆಯ ಮೇಲೆ ಡಬ್ಬಿ. ಹಿಂದೆ ಅತುಲನ ಹೆಂಡತಿ, ಮಕ್ಕಳು, ಅವರ ಕಡೆಯವರು, ಕಡೆಯವರ ಕಡೆಯವರು. ಕಿಡಕಿಗಳಲ್ಲಿ ಮೊಣಕೈಗಳು ಕಾಣುತ್ತಿದ್ದವು.

"ಇಂದು ಎಲ್ಲೋ?" ಎಂದರು ಅಂಬಾಬಾಯಿ.

"ಆಕಿ ಇಳೀಲಿಲ್ಲಕ್ಕಾ."

"ಆರಾಮ ಇದ್ದಾಳಿಲ್ಲೋ?"

"ಆರಾಮ ಇದ್ದಾಳ."

"ಸಿಟ್ಟೇನು?"

"ಇಲ್ಲ."

"ಮತ್ತೇನು ಧಾಡಿ ಆಗೇದ ಆಕಿಗೆ?"

ಬಾಳಕೃಷ್ಣ ಅಕ್ಕನ ಮುಖ ಬಿಟ್ಟು ಡಬ್ಬಿಯನ್ನು ನೋಡಿದರು. "ಆಕಿಗೆ ಇವತ್ತ ಯಾರೂ ಬ್ಯಾಡಾಗೇದಕ್ಕಾ."

"ಯಾರೂ ಅಂದ್ರ, ನಾವು?"

"ನಾವು, ನೀವು. ಎಲ್ಲಾರೂ. ಟಿಕೇಟ ಬಂದ ದಿನಾನ ಹೇಳಿದ್ದಳು, ಆ ಹಗಲು ತನಗ ಬೇಕಂತ. ನಾನ ನಿಮಗ ಹೇಳಲಿಲ್ಲ. ಮತ್ತ... ನಾನೂ ಬರೂದಿಲ್ಲಕ್ಕಾ."

ಇಲ್ಲ ಎಂಬ ಪದ ಈ ಮನುಷ್ಯನ ಬಾಯಿಂದ ಬಂದದ್ದನ್ನು ಅಲ್ಲಿದ್ದವರಲ್ಲಿ ಯಾರೂ ಕೇಳಿರಲಿಲ್ಲ. ಬಾಳಕೃಷ್ಣ ಬೈಗುಳಕ್ಕೆ ಕಾದು ನಿಂತರು.

ಅತುಲ ಹೊರಳಿ ಹಿಂದಿನ ಸೀಟುಗಳನ್ನು ಎಣಿಸುವವನಂತೆ ನೋಡಿ, "ಅವ್ವಾ, ಹಂಗ ನೋಡಿದ್ರ ಇವರಿಬ್ಬರಿಗೂ ಕೂಡೂ ಜಾಗಾನ ಇದ್ದಿದ್ದಿಲ್ಲ," ಎಂದ. "ರಾತ್ರಿ ಇವಳ ಸೋದರತ್ತಿ ಮನಿಯವರು ನಾಕ ಮಂದಿ ಹೆಚ್ಚಿಗಿ ಹತ್ಯಾರ."

ಅಂಬಾಬಾಯಿ ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟು ವಿಚಾರ ಮಾಡಿದರು. "ದಶಮಿ ನಮ್ಮ ಕಡೆ ಅವ," ಎಂದರು ಕೊನೆಗೆ. "ಚಟ್ನಿನೂ ಅದ. ಹಂಗಿದ್ರ ನಡೀತದ ಬಿಡು."

ತಮ್ಮ ಅಗತ್ಯ ಇಷ್ಟು ಲಗೂ ಮುಗಿಯಬಹುದೆಂದು ಬಾಳಕೃಷ್ಣ ಅಂದುಕೊಂಡಿರಲಿಲ್ಲ. ಸ್ವಲ್ಪ ಕೆಡುಕೆನಿಸಿತು ಕೂಡ.

"ದೇವಿಗೆ ಆಕಿ ಹೆಸರಲೇ ನಾನ ಉಡಿ ತುಂಬ್ತೇನಿ," ಎಂದು ಅಂಬಾಬಾಯಿ ಸೆರಗು ಸರಿ ಮಾಡಿಕೊಂಡರು. "ಮೊದಲ ಹೇಳಿದ್ರ ನನಗೂ ಈ ಗಾಡಿ ತಪ್ಪತಿತ್ತು. ಸೊಂಟಾ ಹಿಡದು ಹೋಗೇದ. ಇರಲಿ. ಆಕಿಗೆ ಹೇಳು, ಚಟ್ನ್ಯಾಗ ಉಪ್ಪು ಒಂದು ಚೂರು ಕಡಿಮಿ ಆಗೇದ ಅಂತ."

"ಇವತ್ತ ಹೇಳೂದಿಲ್ಲಕ್ಕಾ."

ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

ಟೆಂಪೋ ಹೋದ ಮೇಲೆ ಅವರು ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತರು. ರಿಕ್ಷಾದವನೊಬ್ಬ ದಂಡೆ ತೋರಿಸುತ್ತೇನೆ ಬನ್ನಿ ಎಂದು ಹಿಂದಿಯಲ್ಲಿ ಕರೆದ. ಅವನಿಗೂ ಬೇಡವೆಂದು ಕೈ ಆಡಿಸಿ ವಾಪಸು ಹಡಗಿನ ಕಡೆ ನಡೆದರು. ಈಗ ತಾನೇ ಇಳಿದವರು ಯಾಕೆ ಹತ್ತುತ್ತಿದ್ದಾರೆಂದು ಕಾವಲಿನವನು ಅವರ ಗುರುತಿನ ಚೀಟಿಯನ್ನು ಎರಡು ಸಲ ನೋಡಿದ.

ಮೇಲಿನ ಅಂತಸ್ತು ಖಾಲಿಯಾಗಿತ್ತು. ಕೊನೆಯ ಕುರ್ಚಿಯಲ್ಲಿ ಇಂದು ಹಾಗೆಯೇ ಇದ್ದರು. ಪಕ್ಕದ ಕುರ್ಚಿಯ ಹತ್ತಿರ ಹೋಗಿ ಬಾಳಕೃಷ್ಣ ತಡೆದು ನಿಂತರು. ಸೀದಾ ಕುಳಿತುಬಿಡುವ ಹಕ್ಕು ತಮಗೆ ಇದೆಯೋ ಇಲ್ಲವೋ ಅವರಿಗೆ ಸಂಶಯವಿತ್ತು.

"ಇಲ್ಲೆ ಯಾರರೇ ಕೂತಾರೇನ್ರಿ?" ಎಂದು ಕೇಳಿದರು.

ಇಂದು ಕಣ್ಣು ತೆರೆದರು. ಗಂಡನನ್ನು ನೋಡಿದರು. ಆಮೇಲೆ ಅವರ ಬೆನ್ನ ಹಿಂದಿನ ಮೆಟ್ಟಿಲನ್ನು ನೋಡಿದರು. ಯಾರೂ ಬರುತ್ತಿರಲಿಲ್ಲ. ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಖಾತ್ರಿ ಮಾಡಿಕೊಂಡು, ಸೀರೆಯ ನಿರಿಗೆಯನ್ನು ಈಚೆ ಎಳೆದುಕೊಂಡರು.

"ಇಲ್ರಿ. ಕೂಡ್ರಿ."

ಬಾಳಕೃಷ್ಣ ಕುಳಿತರು. ಕೆಳಗೆ ಎಲ್ಲೋ ತಾಟು ತೊಳೆಯುವ ಸದ್ದು. ದೂರದಲ್ಲಿ ಒಂದು ಸಣ್ಣ ದೋಣಿ ಹೋಗುತ್ತಿತ್ತು, ಅಥವಾ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅವರು ಕೇಳಿದರು:

"ಯಾವ ಊರಾತ್ರೀ ನಿಮ್ಮದು?"

"ಗದಗ," ಎಂದರು ಧಾರವಾಡದ ಇಂದು, ಒಂದಿಷ್ಟೂ ತಡವರಿಸದೆ.

ಗದಗ ಎಂದ ಕೂಡಲೇ ಮುಂದಿನ ಪ್ರಶ್ನೆ ಬಾಳಕೃಷ್ಣರ ನಾಲಗೆಯ ತುದಿಗೆ ಬಂತು: ಗದಗದಾಗ ಯಾರ ಪೈಕಿ? ಅಲ್ಲಿ ಅವರಿಗೆ ಗೊತ್ತಿದ್ದ ಮನೆತನಗಳೆಲ್ಲ ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತವು. ಅವರು ಬಾಯಿ ತೆರೆದರು. ತಿರುಗಿ ಮುಚ್ಚಿದರು. ಸಮುದ್ರದ ಕಡೆ ನೋಡಿದರು.

"ನೀರು ಭಾಳ ಅದ ನೋಡ್ರಿ ಇಲ್ಲೆ," ಎಂದರು.

"ಹೌದ್ರಿ," ಎಂದರು ಇಂದು. "ನಮ್ಮ ಗದಗದಾಗ ಇಷ್ಟಿಲ್ಲ."