ಎಡಗೈ ವರ್ಷಗಳು

"ನಮ್ಮ ಮುತ್ತಜ್ಜಿ ಎಡಚಿ ಕಣ್ರೀ," ಎಂದಳು ನರ್ಸ್, ಮೇಜಿನ ಮೇಲಿದ್ದ ಚಿತ್ರದಿಂದ ಕಣ್ಣು ತೆಗೆಯದೆ. "ನಾನೂ ಎಡಚಿನೇ. ಬೈಸ್ಕೊಂಡು ಬೈಸ್ಕೊಂಡೇ ಬೆಳೆದೋರು ನಾವು."

ಕ್ಯುರೇಟರಮ್ಮ ಕನ್ನಡಕ ತೆಗೆದು ಒರೆಸಿದಳು. ಒರೆಸುವಂಥ ಕೊಳೆಯೇನೂ ಅದರಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಗಂಟೆ ಪರ್ಮಿಷನ್ ಕೇಳಿಕೊಂಡು ಬಂದಿದ್ದಳು ನರ್ಸ್. ಅದಕ್ಕೂ ಮುಂಚೆ ಮ್ಯೂಸಿಯಮ್ಮಿಗೆ ಮೂರು ಪತ್ರ ಬರೆದಿದ್ದಳು. ಮೊದಲನೆಯದಕ್ಕೆ ಉತ್ತರ ಹೋಗಲಿಲ್ಲ, ಎರಡನೆಯದು ಬೇರೆ ವಿಭಾಗದಲ್ಲಿ ಕೊಳೆಯಿತು. ಮೂರನೆಯದು ನಿರ್ದೇಶಕರ ಮೇಜಿಗೆ ಹೋಗಿದ್ದರಿಂದ ಇವತ್ತು ಈ ಓದುಕೋಣೆಯ ಬಾಗಿಲು ತೆರೆಯಿತು. ಮೇಜಿನ ಮೇಲೆ ಅಂಗೈಯಗಲದ ಒಂದು ಚಿತ್ರ. ಕೆಂಪು ಸೀಮೆಸುಣ್ಣದಲ್ಲಿ ಬರೆದ, ನಿದ್ದೆ ಹೋದ ಮಗುವಿನ ಮುಷ್ಟಿ. ಇಂಥವು ಹನ್ನೆರಡಿದ್ದವು, ಎಲ್ಲವೂ ಕೈಗಳೇ. ಹಿಟ್ಟು ನಾದುವ ಕೈ, ಸೂಜಿಗೆ ದಾರ ಪೋಣಿಸುವ ಕೈ, ಸುಮ್ಮನೆ ಮಡಿಲಲ್ಲಿ ಬಿದ್ದ ದಣಿದ ಕೈ.

ಹನ್ನೆರಡನ್ನೂ ಬರೆದವನು ಗಡ್ಡದ ಮಾಸ್ತರ ಎಂದು ಕ್ಯಾಟಲಾಗು ಹೇಳುತ್ತಿತ್ತು. ನರ್ಸಿನ ಮುತ್ತಜ್ಜನಾದ ಈ ಮಾಸ್ತರ ದೊಡ್ಡ ಕಲಾವಿದ, ಅನುಮಾನವೇ ಇಲ್ಲ. ಆದರೆ ಆತ ಬಲಗೈಯವನು. ಈ ಚಿತ್ರಗಳ ನೆರಳಿನ ಗೀಟುಗಳೆಲ್ಲ ಎಡಮೇಲಿನಿಂದ ಬಲಕೆಳಕ್ಕೆ ಓರೆಯಾಗಿ ಇಳಿಯುತ್ತವೆ, ಎಡಗೈಯವರು ಎಳೆದ ಹಾಗೆ. ಇದನ್ನು ಮೊದಲು ಕಂಡುಹಿಡಿದವಳು ಕ್ಯುರೇಟರಮ್ಮ. ಕಂಡುಹಿಡಿದು, ಅದಕ್ಕೊಂದು ಕಾರಣವನ್ನೂ ತಾನೇ ಹುಟ್ಟಿಸಿದಳು. ಮಾಸ್ತರ ಒಂದೇ ಒಂದು ಪತ್ರದಲ್ಲಿ "ತೋಳು ನೋಯುತ್ತಿದೆ" ಎಂದು ಬರೆದಿದ್ದ. ಈಕೆ ಆ ತೋಳನ್ನು ಪುಸ್ತಕದ ತುಂಬ ಎರಡು ವರ್ಷ ನೋಯಿಸಿದಳು. ಆ ಕಾಲದಲ್ಲಿ ಆತ ಎಡಗೈಯಲ್ಲಿ ಬರೆಯುವುದನ್ನು ಕಲಿತನಂತೆ! ಪುಸ್ತಕದ ಹೆಸರು 'ಎಡಗೈ ವರ್ಷಗಳು.' ಓದಿದವರೆಲ್ಲ ಭಲೇ ಎಂದರು, ಪ್ರಶಸ್ತಿ ಬಂತು, ವಿಭಾಗದ ಮುಖ್ಯಸ್ಥೆಯ ಕುರ್ಚಿಯೂ ಬಂತು. ಈಗ ಅದೇ ಹೆಸರಿನ ಪ್ರದರ್ಶನಕ್ಕೆ ಹೊರಗೆ ಆಳೆತ್ತರದ ಪೋಸ್ಟರ್ ಏರಿತ್ತು. ಪುಸ್ತಕದ ಎರಡನೇ ಮುದ್ರಣ ಸೋಮವಾರ ಅಚ್ಚಿಗೆ ಹೋಗುವುದಿತ್ತು.

"ಮುತ್ತಜ್ಜ ಬರೆದಿದ್ದಲ್ಲ ಇವು," ಎಂದಳು ನರ್ಸ್. ಜಗಳಕ್ಕೆ ಬಂದವಳ ದನಿಯಲ್ಲ, ರೋಗಿಗೆ ಮಾತ್ರೆ ತಿಳಿಸಿ ಹೇಳುವವಳ ದನಿ. "ಈ ಮುಷ್ಟಿ ನಮ್ಮಜ್ಜಿದು. ಅವರಮ್ಮ ಬರೆದಿದ್ದು. ಮನೆ ಸಾಮಾನೆಲ್ಲ ಇಲ್ಲಿಗೆ ಬರೋಕೆ ಮುಂಚೆ ಅಜ್ಜಿ ಇವನ್ನ ನೋಡಿದ್ರಂತೆ. ಒಂದೊಂದು ರಟ್ಟಿನ ಹಿಂದೆನೂ ಬರೆದಿತ್ತಂತೆ. ಇದರ ಹಿಂದೆ, 'ಮಗು ಮಲಗಿದಾಗ, ಅಡುಗೆಗೆ ಮುಂಚೆ.' ಕೆಳಗೆ ಮುತ್ತಜ್ಜಿ ಹೆಸರು."

ಕ್ಯುರೇಟರಮ್ಮ ಕನ್ನಡಕವನ್ನು ಮತ್ತೆ ಹಾಕಿಕೊಂಡಳು.

ಇಪ್ಪತ್ತಾರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಎರಡನೇ ವರ್ಷ, ಆ ಸಾಲನ್ನು ಅವಳು ತನ್ನ ಕಣ್ಣಾರೆ ಓದಿದ್ದಳು. ಚಿತ್ರಗಳನ್ನು ಅಂಟಿಸಿದ್ದ ಹಳೆಯ ರಟ್ಟು ಹುಳಿಯೇರಿ ಕಾಗದವನ್ನೇ ಕಂದು ಮಾಡುತ್ತಿದೆ, ಎಲ್ಲ ಬಿಡಿಸಿ ಎಸೆಯಿರಿ ಎಂದು ಆಗಿನ ಮುಖ್ಯಸ್ಥರು ಅಪ್ಪಣೆ ಕೊಟ್ಟಿದ್ದರು. ರಟ್ಟಿನ ಹಿಂದೆ ಏನೇ ಬರಹವಿರಲಿ, ಎಸೆಯುವ ಮುಂಚೆ ಅಕ್ಷರಕ್ಷರ ರಿಜಿಸ್ಟರಿಗೆ ಇಳಿಸಬೇಕೆಂಬುದು ನಿಯಮ. ಅವಳು ಇಳಿಸಲಿಲ್ಲ. ವಾರದಲ್ಲಿ ನಾನೂರು ರಟ್ಟು ಮುಗಿಸಬೇಕಿತ್ತು. ಮಗುವಂತೆ, ಅಡುಗೆಯಂತೆ, ಯಾವುದೋ ಹೆಂಗಸಿನ ಹೆಸರಂತೆ! ಮನೆಮಂದಿಯ ಗೀಚಾಟ, ಇದನ್ನೇನು ಇಳಿಸುವುದು ಎಂದುಕೊಂಡು ಹನ್ನೆರಡಕ್ಕೂ "ಹಿಂಬದಿಯಲ್ಲಿ ಬರಹವಿಲ್ಲ" ಎಂದು ಒಂದೇ ಏಟಿಗೆ ಬರೆದು ಕೈತೊಳೆದುಕೊಂಡಳು. ಏಳು ವರ್ಷ ಕಳೆದು ಆ ಓರೆ ಗೀಟುಗಳು ಕಣ್ಣಿಗೆ ಬಿದ್ದಾಗ ಆ ಸಾಲು ನೆನಪಾಗಿ ಅವಳ ಜೀವವೇ ಹೋದಂತಾಗಿತ್ತು. ಆಗಲಾದರೂ ಹೇಳಬಹುದಿತ್ತು. ಹೇಳುವ ಬದಲು ಮಾಸ್ತರನ ತೋಳು ಮುರಿದಳು.

ಅಷ್ಟರಲ್ಲಿ ಉಳಿದ ಹನ್ನೊಂದು ಚಿತ್ರಗಳ ಪೆಟ್ಟಿಗೆ ಹಿಡಿದು ಗೋಂದಣ್ಣ ಒಳಗೆ ಬಂದ. ಚಿತ್ರಗಳಿಗೆ ರಟ್ಟು ಕಟ್ಟುವುದು ಅವನ ಕೆಲಸ. ಆವತ್ತು ಆ ಹಳೆಯ ರಟ್ಟುಗಳನ್ನು ಒಂದೊಂದಾಗಿ ಬಿಡಿಸಿದ ಕೈ ಅವನದೇ. ಪೆಟ್ಟಿಗೆ ಇಟ್ಟವನು ಹೊರಡಲಿಲ್ಲ.

"ಹಿಂದೆ ನೋಡಬಹುದಾ?" ಎಂದಳು ನರ್ಸ್.

ಕ್ಯುರೇಟರಮ್ಮ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದಳು. ಹೊಸ ರಟ್ಟು, ಹತ್ತಿಯದು, ಹಾಲಿನ ಹಾಗೆ ಬೆಳ್ಳಗಿತ್ತು.

ನರ್ಸ್ ಅದನ್ನು ಬಹಳ ಹೊತ್ತು ನೋಡಿದಳು. "ಹಳೇದು ಎಲ್ಲಿ?"

"ಅದು ಕಾಗದಕ್ಕೆ ವಿಷ. ತೆಗೆದುಬಿಟ್ಟಿದೀವಿ."

"ಅದರ ಮೇಲೆ ಬರೆದಿದ್ದು?"

ಕ್ಯುರೇಟರಮ್ಮ ಗೋಂದಣ್ಣನ ಕಡೆ ನೋಡಲಿಲ್ಲ. ಕಪಾಟಿನಿಂದ ಹಳೆಯ ರಿಜಿಸ್ಟರ್ ಇಳಿಸಿ, ಹಾಳೆ ಮಗುಚಿ, ತನ್ನದೇ ಗುಂಡಗಿನ ಅಕ್ಷರದ ಮೇಲೆ ಬೆರಳಿಟ್ಟಳು. "ನೋಡಿ. ಬರಹವಿಲ್ಲ ಅಂತಿದೆ. ಇದು ಬಿಟ್ರೆ ನಮಗೆ ಬೇರೆ ದಾಖಲೆ ಇಲ್ಲ."

"ಅಜ್ಜಿ ಸುಳ್ಳು ಹೇಳೋರಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ? ವಯಸ್ಸಾದವರು, ಒಂದಕ್ಕೊಂದು ಸೇರಿಸ್ಕೊಂಡಿರ್ತಾರೆ."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು, ಗೋಂದಣ್ಣ ಎಲ್ಲಿ ಬಾಯಿ ಬಿಡುತ್ತಾನೋ ಎಂದು.

ನರ್ಸ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಮೇಡಂ, ನನಗೆ ಚಿತ್ರ ಬೇಡ, ದುಡ್ಡು ಬೇಡ. ಆಯಮ್ಮನ ಹೆಸರು ಎಲ್ಲೂ ಇಲ್ಲ. ಮನೆ ಪತ್ರದಲ್ಲಿಲ್ಲ, ಸಮಾಧಿ ಕಲ್ಲಿನ ಮೇಲಿಲ್ಲ. ಇರೋದೊಂದು ಫೋಟೋ, ಅದರಲ್ಲೂ ಮಗು ಎತ್ಕೊಂಡು ಅಲ್ಲಾಡಿಬಿಟ್ಟು ಮುಖ ಮಸುಕಾಗಿದೆ. ಗೋಡೆ ಮೇಲೆ ಚೀಟಿ ಹಾಕ್ತೀರಲ್ಲ, ಅದರಲ್ಲಿ ಒಂದು ಸಾಲು. 'ಇರಬಹುದು' ಅಂತಾದ್ರೂ ಹಾಕಿ."

ಒಂದು 'ಇರಬಹುದು' ಹಾಕಿದ್ದರೆ ಎರಡು ವರ್ಷದ ತೋಳುನೋವು ಎಲ್ಲಿ ಉಳಿಯುತ್ತಿತ್ತು? ಪೋಸ್ಟರು, ಪುಸ್ತಕ, ಪ್ರಶಸ್ತಿ ಎಲ್ಲ ಒಂದರ ಹಿಂದೊಂದು ಉದುರುತ್ತಿದ್ದವು. "ಪುರಾವೆ ಇಲ್ದೆ ಒಂದಕ್ಷರವೂ ಬದಲಾಯಿಸೋಕೆ ಆಗಲ್ಲಮ್ಮ," ಎಂದಳು ಕ್ಯುರೇಟರಮ್ಮ. "ಕ್ಷಮಿಸಿ."

"ಪುರಾವೆ," ಎಂದ ಗೋಂದಣ್ಣ ಇದ್ದಕ್ಕಿದ್ದಂತೆ. ಇಬ್ಬರೂ ತಿರುಗಿದರು. ಅವನು ಕ್ಯುರೇಟರಮ್ಮನ ಮುಖವನ್ನೇ ನೋಡುತ್ತಿದ್ದ. ಅವಳು ರೆಪ್ಪೆ ಬಡಿಯಲಿಲ್ಲ. "ಏನಿಲ್ಲ ಬಿಡಿ. ನಾವು ಗೋಂದು ಹಚ್ಚೋರು, ನಮಗೇನು ಓದೋಕ್ಕೆ ಬರುತ್ತೆ," ಎಂದು ಬಾಗಿಲು ಎಳೆದುಕೊಂಡು ಹೋದ. ಅವನಿಗೆ ಚೆನ್ನಾಗಿಯೇ ಓದಲು ಬರುತ್ತಿತ್ತು. ದಿನಾ ಮಧ್ಯಾಹ್ನ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಜೋರಾಗಿ ಓದಿ ಎಲ್ಲರ ತಲೆ ತಿನ್ನುತ್ತಿದ್ದವನು ಅವನೇ.

ನರ್ಸ್ ನಿಟ್ಟುಸಿರಿಟ್ಟಳು. ಅತ್ತಿದ್ದರೆ ಕ್ಯುರೇಟರಮ್ಮನಿಗೆ ಸುಲಭವಾಗುತ್ತಿತ್ತೇನೋ, ಆಕೆ ಅಳಲಿಲ್ಲ. "ಹೋಗ್ಲಿ ಬಿಡಿ. ನೀವೇನು ಮಾಡ್ತೀರಿ ಪಾಪ, ಆಗ ಯಾರು ಬರೆದಿಟ್ಟರೋ. ಇಷ್ಟು ಜೋಪಾನವಾಗಿ ಇಟ್ಟಿದೀರಲ್ಲ, ಅದೇ ದೊಡ್ಡದು. ಈ ಮುಷ್ಟಿದೊಂದು ಫೋಟೋ ಸಿಗುತ್ತಾ? ಮನೇಲಿ ಹಾಕ್ಕೋತೀನಿ."

"ಸಿಗುತ್ತೆ, ಅದಕ್ಕೇನು," ಎಂದು ಕ್ಯುರೇಟರಮ್ಮ ಅವಸರದಿಂದ ಅರ್ಜಿ ನಮೂನೆಯನ್ನೂ ತುದಿಗೆ ರಬ್ಬರಿದ್ದ ಒಂದು ಪೆನ್ಸಿಲನ್ನೂ ಮುಂದಿಟ್ಟಳು. ಈ ಕೋಣೆಗೆ ಶಾಯಿ ತರುವ ಹಾಗಿಲ್ಲ.

ನರ್ಸ್ ಬರೆದಳು. ತನ್ನ ಹೆಸರು, ವಿಳಾಸ, ಚಿತ್ರದ ಸಂಖ್ಯೆ. 'ಕಲಾವಿದರ ಹೆಸರು' ಎಂಬಲ್ಲಿ ಒಂದು ಗಳಿಗೆ ತಡೆದು, ಮುತ್ತಜ್ಜಿಯ ಹೆಸರನ್ನು ದುಂಡಗೆ ಬರೆದಳು. ಅದೇ ಹೆಸರು. ಇಪ್ಪತ್ತಾರು ವರ್ಷದ ಮೇಲೆ ಕ್ಯುರೇಟರಮ್ಮ ಅದನ್ನು ಮತ್ತೆ ಬರಹದಲ್ಲಿ ಕಂಡಳು.

"ಅಲ್ಲಿ..." ಕ್ಯುರೇಟರಮ್ಮ ನಮೂನೆಯತ್ತ ಬೆರಳು ತೋರಿದಳು. "ಅಲ್ಲಿ ಕ್ಯಾಟಲಾಗಲ್ಲಿ ಇರೋ ಹೆಸರೇ ಬರೀಬೇಕು. ಇಲ್ಲಾಂದ್ರೆ ಫೋಟೋ ವಿಭಾಗದೋರು ಅರ್ಜಿ ವಾಪಸ್ ಕಳಿಸಿಬಿಡ್ತಾರೆ."

"ಓ, ಹೌದಾ."

ನರ್ಸ್ ಪೆನ್ಸಿಲು ತಿರುಗಿಸಿ, ಒಂದೊಂದೇ ಅಕ್ಷರವನ್ನು ಅಳಿಸಿದಳು. ಅದರ ಮೇಲೆ ಮುತ್ತಜ್ಜನ ಹೆಸರು ಬರೆದು, ಸರಿಯಿದೆಯಾ ಎಂದು ಹಾಳೆಯನ್ನು ಕ್ಯುರೇಟರಮ್ಮನ ಕಡೆ ತಿರುಗಿಸಿದಳು. ಸರಿಯಿತ್ತು. ರಬ್ಬರಿನ ಪುಡಿ ಚಿತ್ರದ ಮೇಲೆ ಬಿದ್ದೀತೆಂದು ಆಕೆ ಅದನ್ನು ಊದಲಿಲ್ಲ, ಬೆರಳಂಚಿನಿಂದ ಅಂಗೈಗೆ ಒಟ್ಟುಮಾಡಿಕೊಂಡು ಬುಟ್ಟಿಗಾಗಿ ಸುತ್ತ ನೋಡಿದಳು.

"ಇದನ್ನ ಎಲ್ಲಿ ಹಾಕ್ಲಿ ಮೇಡಂ?"

ಕ್ಯುರೇಟರಮ್ಮ ಕೈ ಒಡ್ಡಿದಳು.